ಟ್ರ್ಯಾಕರ್‌ಗೆ ‘ಜಾಡುಗಾರ’ ಸರಿಯೇ? ‘ತರಂಗಾಂತರ’ ಎಂದರೆ ಯಾವುದು?

ಬಲ್ಲವರಲ್ಲಿ ಒಂದು ವಿಚಾರಣೆ.

ಶಿರಸಿಯಿಂದ ದೇವಿಮನೆ ಘಟ್ಟದ ಕಡೆಗೆ ಓಟದ ಸ್ಪರ್ಧೆ ನಡೆಸಲು ಹೊರಟಿರುವ ಗೆಳೆಯರು ಕಡಿಮೆ ಖರ್ಚಿನ ರೇಡಿಯೊ ಸಾಧನವೊಂದನ್ನು ಕಟ್ಟುತ್ತಿದ್ದಾರೆ. ಘಟ್ಟದ ತಿರುವುಗಳಲ್ಲಿ ಮೊಬೈಲ್ ಸಿಗ್ನಲ್ ನೆಚ್ಚುವಂತಿಲ್ಲ. ಹಾಗಾಗಿ ಓಟಗಾರರ ಸೊಂಟದ ಚೀಲದಲ್ಲಿ ಒಂದು ಪುಟ್ಟ ಡಬ್ಬಿ. ಇದೇ ಟ್ರ್ಯಾಕರ್. ಒಳಗೆ ಜಿಪಿಎಸ್ ಗ್ರಾಹಕ, ಕಡಿಮೆ ವಿದ್ಯುತ್ತಿನಲ್ಲೇ ಪುಟ್ಟ ಸಂದೇಶಗಳನ್ನು ದೂರಕ್ಕೆ ಕಳಿಸುವ ಲೋರಾ ರೇಡಿಯೊ, ಬ್ಯಾಟರಿ. ಉಪಗ್ರಹಗಳ ಸಂಕೇತದಿಂದ ತಾನಿರುವ ಜಾಗ ಲೆಕ್ಕ ಹಾಕಿ, ಅಕ್ಷಾಂಶ, ರೇಖಾಂಶ, ಸಮಯವನ್ನು ಚುಟುಕಾಗಿ ಬಿತ್ತರಿಸುತ್ತದೆ. ಗುಡ್ಡದ ನೆತ್ತಿಯಲ್ಲಿಟ್ಟ ಇನ್ನೊಂದು ಡಬ್ಬಿ, ಅಂದರೆ ರಿಪೀಟರ್, ಅದನ್ನು ಹಿಡಿದು ಮುಂದಕ್ಕೆ ದಾಟಿಸುತ್ತದೆ. ಸ್ವಯಂಸೇವಕರಿಗೆ ಕನ್ನಡದಲ್ಲಿ ಕೈಪಿಡಿ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿದೆ.

ಟ್ರ್ಯಾಕರ್‌ಗೆ ‘ಜಾಡುಗಾರ’ ಎನ್ನಬಹುದೆಂದು ಒಬ್ಬರ ಸಲಹೆ. ಅವಸರದಲ್ಲಿ ಓದಿದರೆ ಜಾದೂಗಾರನೇ ಬಂದು ನಿಲ್ಲುತ್ತಾನೆ! ಅದು ಹಾಗಿರಲಿ, ಜಾಡು ಹಿಡಿಯುವುದು ಬೇಟೆಯ ಮಾತು. ಜಾಡು ಬಿಟ್ಟವರಿಗೆ ಅದರ ಅರಿವೇ ಇರುವುದಿಲ್ಲ. ಇಲ್ಲಿ ಡಬ್ಬಿ ತಾನಾಗಿಯೇ ‘ಇಲ್ಲಿದ್ದೇನೆ’ ಎಂದು ಕೂಗುತ್ತಿದೆ. ಪೊಲೀಸ್ ಸುದ್ದಿಗಳ ‘ಪತ್ತೆ’ಯಂತೂ ಓಟಗಾರ ಕಾಣೆಯಾದನೇನೋ ಎನ್ನಿಸುತ್ತದೆ. ಸದ್ಯಕ್ಕೆ ‘ನೆಲೆಸೂಚಕ’ ಎಂದು ಬರೆದುಕೊಂಡಿದ್ದೇನೆ. ಆದರೆ ನೆಲೆ ಎಂದರೆ ನಿಂತ ಜಾಗವಲ್ಲವೇ, ಓಡುತ್ತಿರುವವರಿಗೆ ಹೊಂದೀತೇ? ರಿಪೀಟರ್‌ಗೆ ದೂರದರ್ಶನದ ಕಾಲದ ‘ಮರುಪ್ರಸಾರ’ ಸಾಕು.

ನಿಜವಾದ ತಲೆನೋವು ‘ತರಂಗಾಂತರ’. ಪತ್ರಿಕೆಗಳ ‘ತರಂಗಾಂತರ ಹರಾಜು’ ಸ್ಪೆಕ್ಟ್ರಮ್‌ನದು, ಅಂದರೆ ಫ್ರೀಕ್ವೆನ್ಸಿಗಳ ಹರವಿನದು. ರೇಡಿಯೊ ಕೇಂದ್ರದ ತರಂಗಾಂತರ ಎಂದಾಗ ಅದು ಫ್ರೀಕ್ವೆನ್ಸಿ, ಅಂದರೆ ಅಲೆ ಸೆಕೆಂಡಿಗೆ ಎಷ್ಟು ಬಾರಿ ಕಂಪಿಸುತ್ತದೆ ಎಂಬ ಲೆಕ್ಕ. ಪದ ಬಿಡಿಸಿದರೋ, ಅಲೆಯಿಂದ ಅಲೆಗಿರುವ ಅಂತರ, ಅಂದರೆ ವೇವ್‌ಲೆಂತ್. ನಮ್ಮ ಸಾಧನ ಕೆಲಸ ಮಾಡುವುದು ಪರವಾನಗಿ ಬೇಡದ 865ರಿಂದ 867 ಮೆಗಾಹರ್ಟ್ಸ್ ನಡುವೆ. ಆಂಟೆನಾ ತಂತಿಯನ್ನು ಅಲೆಯ ಉದ್ದದ ಕಾಲುಭಾಗಕ್ಕೆ, ಸುಮಾರು 8.6 ಸೆಂ.ಮೀ.ಗೆ ಕತ್ತರಿಸಬೇಕು. ಫ್ರೀಕ್ವೆನ್ಸಿ, ವೇವ್‌ಲೆಂತ್ ಎರಡೂ ಕೈಪಿಡಿಯ ಒಂದೇ ಪುಟದಲ್ಲಿ ಬರುತ್ತವೆ; ಒಂದು ಹೆಚ್ಚಿದರೆ ಇನ್ನೊಂದು ಇಳಿಯುತ್ತದೆ. ‘ತರಂಗಾಂತರ ಹೆಚ್ಚಿದಂತೆ ತಂತಿ ಗಿಡ್ಡವಾಗಬೇಕು’ ಎಂದು ಬರೆದರೆ ಪತ್ರಿಕೆ ಓದುವವರಿಗೆ ಸರಿ, ಭೌತವಿಜ್ಞಾನದ ಮೇಷ್ಟ್ರಿಗೆ ತಲೆಕೆಳಗು.

ಫ್ರೀಕ್ವೆನ್ಸಿಗೆ ಪಠ್ಯಪುಸ್ತಕದ ‘ಆವೃತ್ತಿ’ ಇದೆ. ಆದರೆ ಡಬ್ಬಿಯ ತಂತ್ರಾಂಶಕ್ಕೂ ಆವೃತ್ತಿಯುಂಟು. ‘ಎಲ್ಲ ಡಬ್ಬಿಗಳ ಆವೃತ್ತಿ ಒಂದೇ ಇರಲಿ’ ಎಂದರೆ ಯಾವುದೆಂದು ತಿಳಿಯಬೇಕು? ನನ್ನ ಒಲವು ‘ಕಂಪನಾಂಕ’ದ ಕಡೆಗೆ, ವೇವ್‌ಲೆಂತ್‌ಗೆ ‘ಅಲೆಯುದ್ದ’. ಕಾರವಾರ, ಕುಮಟಾ ಕಡೆಯ ಸದಸ್ಯರು ಕಂಪನಾಂಕವನ್ನು ಮಾತಿನಲ್ಲಿ ಬಳಸಿದ್ದನ್ನು ಕೇಳಿದ್ದೀರಾ? ‘ನೆಲೆಸೂಚಕ’ಕ್ಕಿಂತ ಒಳ್ಳೆಯದು ಹೊಳೆದರೂ ತಿಳಿಸಿ. ಡಬ್ಬಿಗೆ ಅಂಟಿಸುವ ಚೀಟಿಯಲ್ಲಿ ಐದಾರು ಅಕ್ಷರಗಳಿಗಷ್ಟೇ ಜಾಗವಿದೆ.