ಸ್ಟೂಲು ಮಣೆಯಾಗುವ ಮೊದಲು

ಬದಿಯಡ್ಕದ ಕಡೆಯ ಒಂದು ಮನೆ, ಭಾವನ ಜಗಲಿ. ಹೊರಗೆ ಆಟಿಯ ಮಳೆ. ನಡುವೆ ಹಲಸಿನ ಹೊಸ ಸ್ಟೂಲು. ಕಾಲು ನಾಲ್ಕು, ನೆಲ ಮುಟ್ಟುವುದು ಮೂರು.

ಮಾಣಿ: ಉದ್ದ ಇರುವ ಕಾಲನ್ನು ಒಂಚೂರು ಕೊಯ್ದರೆ ಆಯ್ತಲ್ಲ?

ಭಾವ: ಕೊಯ್ಯಿ. ಆಗ ಇನ್ನೊಂದು ಉದ್ದ ಆಗ್ತದೆ. ಅದನ್ನೂ ಕೊಯ್ಯಿ. ಸಂಜೆಯೊಳಗೆ ಊಟಕ್ಕೆ ಕೂರುವ ಮಣೆ ತಯಾರು.

ಮಾಷ್ಟ್ರು: ಎಷ್ಟು ಉದ್ದಕ್ಕೆ ಕೊಯ್ದದ್ದು?

ಮಾಣಿ: ನಾಲ್ಕನ್ನೂ 45 ಸೆಂಟಿಮೀಟರಿಗೆ. ನಾಲ್ಕಕ್ಕೂ ಬೇರೆ ಬೇರೆ ಟೇಪು ಹಿಡಿದಿದ್ದೇನೆ ಮಾಷ್ಟ್ರೇ, ಅಷ್ಟು ಜಾಗ್ರತೆ.

ಮಾಷ್ಟ್ರು: ಜಾಗ್ರತೆ ಹೆಚ್ಚಾದದ್ದೇ ತಪ್ಪು. ನಾಲ್ಕು ಸಲ ಹಿಡಿದರೆ ನಾಲ್ಕು ಅಳತೆ. ಒಂದು ಕಾಲು ಕೊಯ್ದು, ಅದನ್ನೇ ಉಳಿದ ಮೂರರ ಮೇಲಿಟ್ಟು ಗೆರೆ ಹಾಕು. ನಾಲ್ಕೂ 44.8 ಆದರೂ ಕೂರುವವ ಟೇಪು ತರುವುದಿಲ್ಲ.

ಭಾವ: ಮೊದಲನೆಯದನ್ನೇ ಇಡಬೇಕು, ಮತ್ತೆ. ಎರಡನೆಯದರಿಂದ ಮೂರನೆಯದು, ಮೂರನೆಯದರಿಂದ ನಾಲ್ಕನೆಯದು ಅಂತ ಹೋದರೆ ಕುಂಬಳೆಯಲ್ಲಿ ಹೊರಟ ಸುದ್ದಿ ಪೆರ್ಲಕ್ಕೆ ಮುಟ್ಟಿದ ಹಾಗೆ.

ಮಾಣಿ: 180ರ ರೀಪು ತಂದದ್ದು. ಒಂದೊಂದು ಕಾಲಿಗೂ ಟೇಪು ಹಿಡಿದು, ಕೊಯ್ಯುವ ಮೊದಲೇ 45, 90, 135ಕ್ಕೆ ಗೆರೆ ಹಾಕಿದೆ, ಲೆಕ್ಕ ಸರಿ ಉಂಟಲ್ಲ?

ಮಾಷ್ಟ್ರು: ಗರಗಸದ ಹೊಟ್ಟೆಗೆ ಎಂತ ಇಟ್ಟೆ? ಒಂದು ಕೊಯ್ತಕ್ಕೆ 2 ಮಿಲಿಮೀಟರ್ ಅಂತ ಹಿಡಿದರೂ ಮೂರಕ್ಕೆ 6 ಹುಡಿಯಾಗಿ ಹೋಯ್ತು. ಗೆರೆಯ ನಡುವೆಯೇ ಕೊಯ್ದರೆ ತುದಿಯ ಎರಡು ಕಾಲು ತಲಾ 1 ಮಿಲಿಮೀಟರ್ ಕಡಿಮೆ, ನಡುವಿನ ಎರಡು 2 ಕಡಿಮೆ. ಒಂದು ಗೆರೆ, ಒಂದು ಕೊಯ್ತ, ಆಮೇಲೆ ಮುಂದಿನ ಗೆರೆ. ಬಿಸಾಡುವ ಬದಿಗೆ ಪೆನ್ಸಿಲಲ್ಲಿ ಗುಣಿಸು ಗುರುತು. ಗರಗಸ ಆ ಬದಿಯಲ್ಲೇ ಇರಬೇಕು. ಮತ್ತೆ, 180ರದ್ದಲ್ಲ, 185ರ ರೀಪು ತೆಗೆದುಕೊ.

ಮಾಣಿ: ಟೇಪಿನ ಕೊಕ್ಕೆಯೂ ಅಲುಗಾಡ್ತಿತ್ತು. ಸುತ್ತಿಗೆಯಲ್ಲಿ ಹೊಡೆದು ಗಟ್ಟಿ ಮಾಡಿದೆ.

ಭಾವ: ಅಯ್ಯೋ ಮಾರಾಯ! ಅದು ಅಲುಗಾಡಬೇಕಾದದ್ದೇ. ತನ್ನ ದಪ್ಪದಷ್ಟೇ ಆಚೆ ಈಚೆ ಹೋಗ್ತದೆ. ಹೊರಗಿಂದ ಸಿಕ್ಕಿಸಿ ಎಳೆದರೂ ಒಳಗೆ ಒತ್ತಿ ಹಿಡಿದರೂ ಲೆಕ್ಕ ಸರಿ ಬರ್ಲಿಕ್ಕೆ. ಈಗ ಒಂದಾದರೂ ಸುಳ್ಳು ಹೇಳ್ತದೆ.

ಮಾಷ್ಟ್ರು: ಹೊಸತು ತರುವವರೆಗೆ 10ರ ಗೆರೆಯಿಂದ ಹಿಡಿ. ಆದರೆ 55ಕ್ಕೆ ನಿಲ್ಲಿಸು. ಅಭ್ಯಾಸಬಲದಲ್ಲಿ 45ಕ್ಕೆ ಕೊಯ್ದರೆ ಕಾಲು 35. ಅದಕ್ಕೆ ಫೆವಿಕಾಲ್ ಮದ್ದಲ್ಲ.

ಮಾಣಿ: ಅಡ್ಡಪಟ್ಟಿಯ ಹತ್ತಿರ ಒಂದು ಸಂದು ಉಂಟು. ಫೆವಿಕಾಲಿಗೆ ಹುಡಿ ಕಲಸಿ ಮೆತ್ತಿದರೆ?

ಭಾವ: ಕೂದಲೆಳೆಯಷ್ಟಾದರೆ ಸಾಕು. ಗರಗಸದ ದಪ್ಪ ಹುಡಿ ಬೇಡ, ಅದೇ ಮರಕ್ಕೆ ಸ್ಯಾಂಡ್‌ಪೇಪರ್ ಉಜ್ಜಿದ ನುಣ್ಣಗಿನ ಹುಡಿ. ಸುತ್ತ ಮೆತ್ತಿದ ಅಂಟನ್ನು ಒದ್ದೆ ಬಟ್ಟೆಯಲ್ಲಿ ಆಗಲೇ ಒರೆಸು. ಅಂಟು ಕುಡಿದ ಮರ ಬಣ್ಣ ಕುಡಿಯುವುದಿಲ್ಲ. ಪಾಲಿಶ್ ಮಾಡಿದ ಮೇಲೆ ತೊನ್ನಿನ ಹಾಗೆ ಕಾಣ್ತದೆ.

ಮಾಷ್ಟ್ರು: ಒಂದು ನೂಲು, ಅಂದರೆ 3 ಮಿಲಿಮೀಟರ್ ಸಂದಾದರೆ ಹುಡಿಯ ಆಟ ನಡೆಯುವುದಿಲ್ಲ. ಒಣಗಿ ಕುಗ್ಗಿ ಬಿರಿಯುತ್ತದೆ. ಅದೇ ಹಲಸಿನ ತೆಳು ಚಕ್ಕೆ, ನಾರು ಅದೇ ದಿಕ್ಕಿಗೆ, ಅಂಟು ಹಚ್ಚಿ ತುರುಕು. ಒಂದು ದಿನ ಬಿಟ್ಟು ಉಳಿಯಲ್ಲಿ ಸಮ ಮಾಡು.

ಮಾಣಿ: ಆಯ್ತು. ಕುಣಿಯುವ ಕಾಲಿಗೆ?

ಭಾವ: ಸಪಾಟು ಪ್ಲೈವುಡ್ ಮೇಲಿಟ್ಟು, ಎದ್ದ ಕಾಲಿನ ಅಡಿಗೆ ಚಕ್ಕೆ ಕೊಡು, ಕುಣಿತ ನಿಲ್ಲಲಿ. ಆ ಸಂದಿಗಿಂತ ತುಸು ದಪ್ಪದ ಮರದ ತುಂಡನ್ನು ಪ್ಲೈವುಡ್ಡಿಗೆ ಒರಗಿಸಿ, ಅದರ ಮೇಲೆ ಪೆನ್ಸಿಲ್ ಇಟ್ಟು ನಾಲ್ಕು ಕಾಲಿಗೂ ಸುತ್ತ ಗೆರೆ. ಗೆರೆಗೆ ಕೊಯ್ಯಿ.

ಮಾಷ್ಟ್ರು: ಅದಕ್ಕೂ ಮೊದಲು ಸ್ಟೂಲನ್ನು ಇದ್ದಲ್ಲೇ ನಾಲ್ಕನೇ ಒಂದು ಸುತ್ತು ತಿರುಗಿಸಿ ನೋಡು. ಅದೇ ಕಾಲು ಎದ್ದರೆ ತಪ್ಪು ಸ್ಟೂಲಿನದ್ದು.

ಮಾಣಿ ತಿರುಗಿಸಿದ. ಬೇರೆ ಕಾಲು ಎದ್ದಿತು. ಇನ್ನೊಮ್ಮೆ ತಿರುಗಿಸಿದ. ಮತ್ತೊಂದು ಎದ್ದಿತು, ಜಗಲಿಯ ಆ ಮೂಲೆಯಲ್ಲೇ.

ಮಾಷ್ಟ್ರು: ಭಾವ, ಈ ನೆಲ ಹಾಕಿಸಿದ್ದು ಯಾರು?

ಭಾವ: ಚಾ ತಣಿಯುತ್ತದೆ, ಕುಡಿಯಿರಿ.