ಮ್ಯಾಕ್ ಅಡ್ರೆಸ್ ಪಟ್ಟಿ ಇದ್ದರೂ ಹೊರಗಿನವರು ವೈಫೈಗೆ ಬರಬಹುದಾ?

ಪ್ರಶ್ನೆ: ತೋಟದಮನೆ, ತೀರ್ಥಹಳ್ಳಿ

ಆಗುಂಬೆ ದಾರಿಯಲ್ಲಿ ನಮ್ಮದೊಂದು ಹೋಮ್‌ಸ್ಟೇ ಇದೆ. ತೋಟದೊಳಗೆ ಮೊಬೈಲ್ ಸಿಗ್ನಲ್ ಇಲ್ಲ, ಬಂದವರಿಗೆ ವೈಫೈ ಒಂದೇ ಗತಿ. ಮೊದಲು ಪಾಸ್‌ವರ್ಡ್ ಇತ್ತು. ಅದು ಬಾಯಿಂದ ಬಾಯಿಗೆ ಹೋಗಿ ಊರಿಗೆಲ್ಲ ಗೊತ್ತಾಯಿತು. ಅದಕ್ಕೆ ಪಾಸ್‌ವರ್ಡ್ ತೆಗೆದು, ರೂಟರ್‌ನಲ್ಲಿ ಮ್ಯಾಕ್ ಅಡ್ರೆಸ್ (ಒಂದೊಂದು ಫೋನ್ ವೈಫೈಗೆ ಹೇಳುವ ಗುರುತಿನ ನಂಬರ್) ಪಟ್ಟಿ ಮಾಡಿದೆ. ಪಟ್ಟಿಯಲ್ಲಿದ್ದ ಫೋನಿಗೆ ಮಾತ್ರ ನೆಟ್.

ಈಗ ಎರಡು ತೊಂದರೆ. ಹೋದ ತಿಂಗಳು ಬಂದಿದ್ದ ಕುಟುಂಬ ಮತ್ತೆ ಬಂತು. ಆಗ ಸೇರಿಸಿದ್ದ ಅವರ ಐಫೋನ್ ಈಗ ಕನೆಕ್ಟ್ ಆಗುತ್ತಿಲ್ಲ. ಇನ್ನೊಂದು ಸಂಗತಿ ನಿದ್ದೆ ಕೆಡಿಸಿದೆ. ಭಾನುವಾರ ಕೊಪ್ಪದಲ್ಲಿ ಮದುವೆಗೆ ಹೋಗಿದ್ದೆವು. ಬಂದು ರೂಟರ್ ನೋಡಿದರೆ, ಮಧ್ಯಾಹ್ನ ಒಂದು ಗಂಟೆಗೆ ನನ್ನ ಹೆಂಡತಿಯ ಫೋನ್ ಮನೆಯ ವೈಫೈನಲ್ಲಿದೆ! ಆ ಹೊತ್ತಿಗೆ ಅವಳು ಫೋನ್ ಹಿಡಿದುಕೊಂಡು ನನ್ನ ಪಕ್ಕದಲ್ಲೇ ಊಟಕ್ಕೆ ಕೂತಿದ್ದಳು.

ಉತ್ತರ: ಸಾಗರದ ನೆಟ್‌ವರ್ಕ್ ಕೆಲಸದವ

ಯಾರೋ ನಿಮ್ಮ ಹೆಂಡತಿಯ ಫೋನಿನ ಅಡ್ರೆಸ್ ನಕಲು ಮಾಡಿರುವ ಹಾಗಿದೆ. ಮ್ಯಾಕ್ ಅಡ್ರೆಸ್ ಗುಟ್ಟಲ್ಲ. ಫೋನ್ ವೈಫೈನಲ್ಲಿ ಕಳಿಸುವ ಪ್ರತಿ ಫ್ರೇಮಿನ (ಮಾಹಿತಿಯ ತುಣುಕಿನ) ತಲೆಯಲ್ಲೂ ಅದು ಬಯಲಾಗಿಯೇ ಇರುತ್ತದೆ. ಹತ್ತಿರ ಕೂತ ಲ್ಯಾಪ್‌ಟಾಪ್ ಅದನ್ನು ಓದಿ, ತನಗೂ ಅದೇ ಅಡ್ರೆಸ್ ಇಟ್ಟುಕೊಳ್ಳಬಹುದು. ಮಂಡಿಗೆ ಹೋಗುವ ಅಡಿಕೆ ಚೀಲದ ಮೇಲೆ ಬರೆದ ಹೆಸರಿನ ಹಾಗೆ ಅಂದುಕೊಳ್ಳಿ. ಆ ಹೆಸರನ್ನು ಯಾರು ಬೇಕಾದರೂ ತಮ್ಮ ಚೀಲದ ಮೇಲೆ ಬರೆದುಕೊಳ್ಳಬಹುದು, ಅಲ್ವಾ?

ಐಫೋನ್ ವಿಷಯ ಬೇರೆ. ಗುರುತು ಸಿಗಬಾರದು ಅಂತ ಫೋನ್‌ಗಳು ಈಗ ಸುಳ್ಳು ಮ್ಯಾಕ್ ಅಡ್ರೆಸ್ ಕೊಡುತ್ತವೆ. ಆಂಡ್ರಾಯ್ಡ್ 10 ಮತ್ತು ಐಒಎಸ್ 14ರಿಂದ ಇದು ಶುರು. ಐಒಎಸ್ 18ರಲ್ಲಂತೂ ಪಾಸ್‌ವರ್ಡ್ ಇಲ್ಲದ ವೈಫೈಗೆ ಕೊಟ್ಟ ಅಡ್ರೆಸ್ ಸುಮಾರು ಎರಡು ವಾರಕ್ಕೊಮ್ಮೆ ತಾನಾಗಿ ಬದಲಾಗುತ್ತದೆ. ನಿಮ್ಮ ಪಟ್ಟಿ ನೆಂಟರನ್ನು ಹೊರಗಿಟ್ಟು ಕಳ್ಳನನ್ನು ಒಳಗೆ ಬಿಡುತ್ತಿದೆ. ದಯವಿಟ್ಟು ತೆಗೆದುಬಿಡಿ.

ತೋಟದಮನೆ

ಪಾಸ್‌ವರ್ಡ್ ಇಲ್ಲದ ಓಪನ್ ವೈಫೈನಲ್ಲೇ ಎನ್‌ಕ್ರಿಪ್ಷನ್ (ಮಾಹಿತಿಯನ್ನು ಬೇರೆಯವರು ಓದದ ಹಾಗೆ ಗುಟ್ಟಾಗಿಸುವುದು) ಬರುವ 'ಎನ್‌ಹಾನ್ಸ್‌ಡ್ ಓಪನ್' ಅಂತ ಓದಿದೆ. ಅದು ಸಾಕಾ?

ಉತ್ತರ: ಶಿವಮೊಗ್ಗದಿಂದ

ಸಾಲದು. 2018ರಲ್ಲಿ ಬಂದ ಆ ವಿಧಾನದಲ್ಲಿ ಮಾತು ಕದ್ದು ಕೇಳುವುದು ತಪ್ಪುತ್ತದೆ, ಆದರೆ ಬಂದವರು ಯಾರು ಅಂತ ಅದು ಕೇಳುವುದೇ ಇಲ್ಲ. ನಿಮಗೆ ಬೇಕಿರುವುದು ಬಂದವರು ಯಾರು ಅಂತ ಕೇಳುವುದು. ಕಾಲೇಜುಗಳಲ್ಲಿ ಇದಕ್ಕೆ ರೇಡಿಯಸ್ ಸರ್ವರ್ (ಲಾಗಿನ್ ಪರೀಕ್ಷಿಸುವ ಕಂಪ್ಯೂಟರ್) ಇಟ್ಟು ಒಬ್ಬೊಬ್ಬರಿಗೂ ಬೇರೆ ಲಾಗಿನ್ ಕೊಡುತ್ತಾರೆ. ನಾಲ್ಕು ರೂಮಿಗೆ ಅಷ್ಟೆಲ್ಲ ಬೇಡ. ರೂಟರ್‌ನಲ್ಲಿ ಗೆಸ್ಟ್ ನೆಟ್‌ವರ್ಕ್ ಆನ್ ಮಾಡಿ. ಅದಕ್ಕೆ ಪಾಸ್‌ವರ್ಡ್ ಭದ್ರತೆಯ ವಿಧಾನವಾಗಿ ಡಬ್ಲ್ಯೂಪಿಎ3 ಇದ್ದರೆ ಅದು, ಇಲ್ಲವಾದರೆ ಡಬ್ಲ್ಯೂಪಿಎ2. ಒಬ್ಬರ ಫೋನ್ ಇನ್ನೊಬ್ಬರಿಗೆ ಕಾಣದ ಹಾಗೆ ಐಸೊಲೇಷನ್ ಹಾಕಿ. ಪ್ರತಿ ತಂಡ ಹೋದ ಮೇಲೆ ಪಾಸ್‌ವರ್ಡ್ ಬದಲಿಸಿ, ಕ್ಯೂಆರ್ ಕೋಡ್ ಪ್ರಿಂಟ್ ಮಾಡಿ ರೂಮಿನಲ್ಲಿಡಿ. ಮನೆಯ ನೆಟ್‌ವರ್ಕ್ ಬೇರೆಯೇ ಇರಲಿ. ರೂಟರಿನ ಅಡ್ಮಿನ್ ಪಾಸ್‌ವರ್ಡನ್ನೂ ಇವತ್ತೇ ಬದಲಿಸಿ.

ತೋಟದಮನೆ

ಎಲ್ಲ ಮಾಡಿದೆ. ನಮ್ಮ ರೂಟರ್ ಹಳೆಯದು, ಡಬ್ಲ್ಯೂಪಿಎ2 ಮಾತ್ರ ಇದೆ. ಕ್ಯೂಆರ್ ಚೀಟಿ ಮಳೆಗಾಲದ ಥಂಡಿಗೆ ಮೆತ್ತಗಾಗುತ್ತಿತ್ತು, ಲ್ಯಾಮಿನೇಟ್ ಮಾಡಿದ ಕವರಿಗೆ ಹಾಕಿಟ್ಟೆ. ಮೂರು ರಾತ್ರಿಯಿಂದ ಗುರುತಿಲ್ಲದ ಫೋನ್ ಒಂದೂ ಬಂದಿಲ್ಲ. ಇಬ್ಬರಿಗೂ ತುಂಬಾ ಥ್ಯಾಂಕ್ಸ್.