ಹಾಳಾದ ಐಟ್ಯೂನ್ಸ್ ಲೈಬ್ರರಿಯಿಂದ ಪ್ಲೇಲಿಸ್ಟ್‌ಗಳನ್ನು ಮರಳಿ ಪಡೆಯಬಹುದೇ?

ಪ್ರಶ್ನೆ:
ವಿಂಡೋಸ್ ಕಂಪ್ಯೂಟರಿನಲ್ಲಿ ಐಟ್ಯೂನ್ಸ್ (ಹಾಡುಗಳನ್ನು ಜೋಡಿಸಿ ಕೇಳುವ ಆ್ಯಪಲ್ ತಂತ್ರಾಂಶ) ತೆರೆದಿದ್ದಾಗಲೇ ವಿದ್ಯುತ್ ಹೋಯಿತು. ಮತ್ತೆ ತೆರೆದಾಗ ಲೈಬ್ರರಿ ಪೂರ್ತಿ ಖಾಲಿಯಾಗಿತ್ತು. ಹಾಡುಗಳ ಫೈಲ್‌ಗಳು ಹೊರಗಿನ ಡಿಸ್ಕ್‌ನಲ್ಲಿ ಸುರಕ್ಷಿತವಾಗಿವೆ. ಆದರೆ ವರ್ಷಗಳಿಂದ ಜೋಡಿಸಿದ ಪ್ಲೇಲಿಸ್ಟ್‌ಗಳು ಒಂದೂ ಕಾಣುತ್ತಿಲ್ಲ. ಹಾಡುಗಳನ್ನು ಹೊಸದಾಗಿ ಸೇರಿಸಿದರೆ ಅವೂ ಬರುತ್ತವೆಯೇ?

ಉತ್ತರ 1:
ಬರುವುದಿಲ್ಲ. ಪ್ಲೇಲಿಸ್ಟ್‌ನ ವಿವರ ಹಾಡಿನ ಫೈಲ್‌ನಲ್ಲಿ ಇರುವುದಿಲ್ಲ, ಲೈಬ್ರರಿಯ ಐಟಿಎಲ್ ಫೈಲ್‌ನಲ್ಲಿ (ಹೆಸರು .itl ಎಂದು ಕೊನೆಗೊಳ್ಳುವ ಫೈಲ್) ಇರುತ್ತದೆ. ಆದ್ದರಿಂದ ಹಾಡುಗಳನ್ನು ಸೇರಿಸುವ ಕೆಲಸ ಸದ್ಯಕ್ಕೆ ಬೇಡ. ಮೊದಲು ಐಟ್ಯೂನ್ಸ್ ಮುಚ್ಚಿ, ಮ್ಯೂಸಿಕ್ ಫೋಲ್ಡರ್‌ನೊಳಗಿನ ಐಟ್ಯೂನ್ಸ್ ಫೋಲ್ಡರ್ ಅನ್ನು ಇಡಿಯಾಗಿ ಬೇರೆಡೆ ನಕಲು ಮಾಡಿಕೊಳ್ಳಿ. ಅದರಲ್ಲಿ ‘ಡ್ಯಾಮೇಜ್ಡ್’ ಎಂಬ ಪದ ಸೇರಿದ ಹೆಸರಿನ ಫೈಲ್ ಇದ್ದರೆ, ಐಟ್ಯೂನ್ಸ್ ಹಳೆಯ ಲೈಬ್ರರಿಯನ್ನು ಪಕ್ಕಕ್ಕಿಟ್ಟು ಖಾಲಿಯಾದ ಹೊಸದನ್ನು ಸೃಷ್ಟಿಸಿದೆ ಎಂದೇ ಅರ್ಥ.

ಅಲ್ಲಿಯೇ ಲೈಬ್ರರಿಯ ವಿವರಗಳ ಇನ್ನೊಂದು ಪ್ರತಿಯಾದ ಎಕ್ಸ್‌ಎಂಎಲ್ ಫೈಲ್ (.xml) ಇದ್ದು ಅದರ ಗಾತ್ರ ದೊಡ್ಡದಾಗಿದ್ದರೆ, ‘ಇಂಪೋರ್ಟ್ ಪ್ಲೇಲಿಸ್ಟ್’ ಮೂಲಕ ಅದರ ನಕಲನ್ನು ತೆರೆದರೆ ಪ್ಲೇಲಿಸ್ಟ್‌ಗಳು ಮರಳುತ್ತವೆ. ಹಾಡು ಸೇರಿಸಿದ ದಿನಾಂಕ ಮಾತ್ರ ಉಳಿಯುವುದಿಲ್ಲ. ಆದರೆ 12.2ನೇ ಆವೃತ್ತಿಯಿಂದ ಈಚೆಗೆ, ಸೆಟ್ಟಿಂಗ್‌ನಲ್ಲಿ ಕೇಳಿಕೊಳ್ಳದ ಹೊರತು ಈ ಫೈಲ್ ಸಿದ್ಧವಾಗುವುದಿಲ್ಲ. ಇದ್ದರೂ ಐಟ್ಯೂನ್ಸ್ ಅದನ್ನು ಆಗಾಗ ಹೊಸದಾಗಿ ಬರೆಯುವುದರಿಂದ, ಖಾಲಿ ಲೈಬ್ರರಿ ತೆರೆದ ಮೇಲೆ ಅದೂ ಖಾಲಿಯಾಗಿರುವ ಸಾಧ್ಯತೆಯಿದೆ.

ಹಾಗಾಗಿದ್ದರೆ ‘ಪ್ರೀವಿಯಸ್ ಐಟ್ಯೂನ್ಸ್ ಲೈಬ್ರರೀಸ್’ ಫೋಲ್ಡರ್ ನೋಡಿ. ದಿನಾಂಕ ಹೊತ್ತ ಹಳೆಯ ಐಟಿಎಲ್ ಪ್ರತಿಗಳು ಅಲ್ಲಿರುತ್ತವೆ. ಇತ್ತೀಚಿನದನ್ನು ಐಟ್ಯೂನ್ಸ್ ಫೋಲ್ಡರ್‌ಗೆ ನಕಲಿಸಿ, ದಿನಾಂಕ ತೆಗೆದು, ಹಾಳಾದ ಫೈಲ್‌ಗೆ ಮೊದಲಿದ್ದ ಹೆಸರನ್ನೇ ಇಡಿ.

ಉತ್ತರ 2:
ಐಪಾಡ್ ಅಥವಾ ಫೋನ್‌ಗೆ ಈ ಪ್ಲೇಲಿಸ್ಟ್‌ಗಳನ್ನು ಸಿಂಕ್ ಮಾಡಿದ್ದರೆ, ಲೈಬ್ರರಿ ಸರಿಯಾಗುವವರೆಗೆ ಅದನ್ನು ಕಂಪ್ಯೂಟರಿಗೆ ಜೋಡಿಸದಿರುವುದು ಕ್ಷೇಮ. ‘ಇರೇಸ್ ಆ್ಯಂಡ್ ಸಿಂಕ್’ ಎಂಬ ಸೂಚನೆಗೆ ಅವಸರದಲ್ಲಿ ಒಪ್ಪಿಗೆ ಕೊಟ್ಟರೆ, ಉಳಿದಿರುವ ಆ ಪ್ರತಿಯೂ ಅಳಿಸಿಹೋಗುತ್ತದೆ.

ಪ್ರಶ್ನೆ ಕೇಳಿದವರು:
ಎಕ್ಸ್‌ಎಂಎಲ್ ಸಿಗಲಿಲ್ಲ. ಹಳೆಯ ಐಟಿಎಲ್ ಪ್ರತಿಯಿಂದ ಪ್ಲೇಲಿಸ್ಟ್‌ಗಳೆಲ್ಲ ಬಂದಿವೆ. ಆದರೆ ಪ್ರತಿ ಹಾಡಿನ ಪಕ್ಕದಲ್ಲೂ ಉದ್ಗಾರ ಚಿಹ್ನೆಯಿದ್ದು, ಫೈಲ್ ಸಿಗುತ್ತಿಲ್ಲ ಎನ್ನುತ್ತಿದೆ.

ಉತ್ತರ 1:
ಹೊರಗಿನ ಡಿಸ್ಕ್‌ನ ಅಕ್ಷರ ಬದಲಾಗಿರಬೇಕು: ಲೈಬ್ರರಿ ‘ಇ’ ಡ್ರೈವ್‌ನಲ್ಲಿ ಹುಡುಕುತ್ತಿದ್ದರೆ ಡಿಸ್ಕ್ ಈಗ ‘ಎಫ್’ ಆಗಿರಬಹುದು. ಒಂದೊಂದೇ ಹಾಡನ್ನು ಹುಡುಕಿ ತೋರಿಸುವುದು ವ್ಯರ್ಥ ಶ್ರಮ. ವಿಂಡೋಸ್‌ನ ಡಿಸ್ಕ್ ಮ್ಯಾನೇಜ್‌ಮೆಂಟ್‌ನಲ್ಲಿ ಡಿಸ್ಕ್‌ಗೆ ಹಿಂದಿನ ಅಕ್ಷರವನ್ನೇ ಕೊಟ್ಟರೆ ಲೈಬ್ರರಿಯಲ್ಲಿರುವ ಫೈಲ್‌ಗಳ ವಿಳಾಸಗಳೆಲ್ಲ ಹೊಂದಿಕೊಳ್ಳುತ್ತವೆ. ಆ ಬಳಿಕ ಹಾಡುಗಳ ಫೋಲ್ಡರ್ ಅನ್ನು ಒಮ್ಮೆ ಸೇರಿಸಿದರೆ, ಆ ಪ್ರತಿಯ ನಂತರ ಬಂದ ಹಾಡುಗಳಷ್ಟೇ ಹೊಸದಾಗಿ ಸೇರುತ್ತವೆ. ಆ ಅವಧಿಯಲ್ಲಿ ಮಾಡಿದ ಪ್ಲೇಲಿಸ್ಟ್‌ಗಳನ್ನು ಮಾತ್ರ ನೀವೇ ಮತ್ತೆ ಜೋಡಿಸಬೇಕಾಗುತ್ತದೆ.